ಒಣಗಿಸಿದರೆ ಅರಳುವ ಗೆಡ್ಡೆಗಳು

ನಿಮ್ಮದು ಮೂಡಿಗೆರೆ ಕಡೆ ಮನೆ, ಬೆಟ್ಟದ ತಂಪು ಬೇರೆ, ಹಾಗಿದ್ದರೆ ಟ್ಯುಲಿಪ್ ಬೆಳೆಯಬಹುದಲ್ವಾ ಎಂದು ಬೆಂಗಳೂರಿನ ನೆಂಟರು ಕೇಳುತ್ತಲೇ ಇರುತ್ತಾರೆ. ಆಗಲ್ಲ ಎಂದು ನೇರವಾಗಿ ಹೇಳಿಬಿಡುತ್ತೇನೆ. ಟ್ಯುಲಿಪ್ ಗೆಡ್ಡೆಗೆ 12ರಿಂದ 16 ವಾರ ಬಿಡದೆ ಚಳಿ ಬೇಕು. ಅದೂ 10 ಡಿಗ್ರಿಗಿಂತ ಕೆಳಗಿನ ಚಳಿ. ನಮ್ಮಲ್ಲಿ ಜನವರಿ ಬೆಳಗ್ಗೆ ಎಷ್ಟೇ ಇಬ್ಬನಿ ಬಿದ್ದರೂ ಮಧ್ಯಾಹ್ನದ ಹೊತ್ತಿಗೆ ಸ್ವೆಟರ್ ಬಿಚ್ಚಿಡಬೇಕು. ಫ್ರಿಜ್ಜಿನಲ್ಲಿಟ್ಟು ಒಂದು ಸಲ ಹೂ ಬರಿಸಬಹುದು. ಅದಕ್ಕೂ ಹಣ್ಣಿನ ಪಕ್ಕ ಇಡುವ ಹಾಗಿಲ್ಲ, ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಸಾಯುತ್ತದೆ. ಇಷ್ಟೆಲ್ಲ ಮಾಡಿ ಹೂ ಕಂಡ ಮೇಲೆ ಆ ಗೆಡ್ಡೆ ಇಲ್ಲಿ ಮುಂದಿನ ವರ್ಷಕ್ಕೆ ಹೂ ಕೊಡುವುದಿಲ್ಲ. ನನಗೆ ಅಂಥ ಹೂ ಬೇಡ. ಮಣ್ಣಿನಲ್ಲಿ ಬಿಟ್ಟರೆ ವರ್ಷ ವರ್ಷ ತಾನಾಗಿ ಎದ್ದು ಬರುವ ಗೆಡ್ಡೆ ಬೇಕು.

ಅಂಥವು ನಮ್ಮ ಸೀಮೆಗೆ ಬೇಕಾದಷ್ಟಿವೆ. ಇವು ಚಳಿಯ ಲೆಕ್ಕ ಇಡುವುದಿಲ್ಲ, ಮಳೆಯ ಲೆಕ್ಕ ಇಡುತ್ತವೆ.

ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಗಿಡದ ಮೊಗ್ಗು ಮೊದಲೇ ಕಟ್ಟಿಕೊಂಡು, ಬೇಸಿಗೆಯ ಒಣ ಹವೆಗೆ ಬೆಳವಣಿಗೆ ನಿಲ್ಲಿಸಿ ಸುಮ್ಮನೆ ಕೂತಿರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ವಾರ ಹತ್ತು ದಿನಕ್ಕೆ ತೋಟ ಪೂರ್ತಿ ಬಿಳಿ. ನಡುವೆ ಆ ಒಣಗು ಸಿಗದೆ ಹೋದರೆ ಹೂ ಒಟ್ಟಿಗೆ ಬರುವುದಿಲ್ಲ, ಅಲ್ಲೊಂದು ಇಲ್ಲೊಂದು ಬಿಡುತ್ತದೆ. ಗೆಡ್ಡೆ ಹೂಗಳದ್ದೂ ಇದೇ ಸ್ವಭಾವ. ಡಿಸೆಂಬರ್‌ನಿಂದ ಮೊದಲ ಮಳೆಯವರೆಗೆ ಅವಕ್ಕೆ ನೀರು ಬೇಡ. ನೀರು ಹಾಕುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ನೀರು ನಿಲ್ಲಿಸುವುದನ್ನು ಹೇಳಿಕೊಡುವವರು ಕಡಿಮೆ. ಫೆಬ್ರವರಿಯಲ್ಲಿ ನಮ್ಮ ಮನೆಗೆ ಬಂದವರಿಗೆ ಜಗಲಿ ಮೇಲಿನ ಒಣ ಕುಂಡಗಳನ್ನು ನೋಡಿ ಹೊಟ್ಟೆ ಚುರ್ ಅನ್ನುತ್ತದೆ. ಚೊಂಬು ಹಿಡಿದು ಹೊರಟೇ ಬಿಡುತ್ತಾರೆ. ಕೈ ಹಿಡಿದು ನಿಲ್ಲಿಸುತ್ತೇನೆ.

ನನ್ನ ತವರು ಅರಸೀಕೆರೆ ಕಡೆ. ಒಂದೇ ಹಾಸನ ಜಿಲ್ಲೆಯೊಳಗೆ ಅರಸೀಕೆರೆಯ ಬಯಲೂ ಇದೆ, ಸಕಲೇಶಪುರದ ಕಾಡೂ ಇದೆ. ಅಲ್ಲಿ ತೆಂಗಿಗೂ ಮಳೆ ಸಾಲುವುದಿಲ್ಲ, ಇಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ದಾಟುತ್ತದೆ. ಮದುವೆಯಾಗಿ ಮಲೆನಾಡಿಗೆ ಬಂದ ಮೇಲೆ ಅಪ್ಪನ ಹೊಲದ ಬದುವಿನಿಂದ ನಾನು ತಂದ ಗೆಡ್ಡೆ ಕಾಡು ಈರುಳ್ಳಿ. ಸಸ್ಯಶಾಸ್ತ್ರದವರು ಡ್ರಿಮಿಯಾ ಇಂಡಿಕಾ ಎನ್ನುತ್ತಾರೆ. ಇದನ್ನು ಹೂವಿನ ಗಿಡ ಎಂದು ನೆಡುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ಎಲ್ಲ ಒಣಗಿ ಬಿರುಕು ಬಿಟ್ಟಿರುವ ಕಾಲದಲ್ಲಿ, ಒಂದೂ ಎಲೆಯಿಲ್ಲದೆ, ನೆಲದಿಂದ ನೇರವಾಗಿ ತೆಳ್ಳಗಿನ ದಂಟು ಏಳುತ್ತದೆ. ಸಂಜೆ ಹೊತ್ತು ಅದರ ಮೇಲೆ ಮಾಸಲು ಬಿಳಿ ಹೂಗಳು ಬಿಡಿಬಿಡಿಯಾಗಿ ಬಾಯಿ ಬಿಡುತ್ತವೆ. ಬೆಳಗ್ಗೆ ಎದ್ದು ನೋಡಿದವರಿಗೆ ಬರೀ ಮುದುಡಿದ ಹೂ ಸಿಗುತ್ತದೆ. ಆದ್ದರಿಂದ ಕುಂಡವನ್ನು ಸಂಜೆ ಕಾಫಿ ಕುಡಿಯುವ ಜಾಗದಲ್ಲಿ ಇಟ್ಟಿದ್ದೇನೆ. ಎಲೆ ಬರುವುದು ಹೂ ಮುಗಿದು ಮಳೆ ಶುರುವಾದ ಮೇಲೆ. ಮೂಡಿಗೆರೆ ಮಳೆಗೆ ಇದನ್ನು ನೆಲದಲ್ಲಿ ಬಿಟ್ಟರೆ ಕೊಳೆಯುತ್ತದೆ. ಅರ್ಧಕ್ಕರ್ಧ ದಪ್ಪ ಮರಳು ಹಾಕಿದ ಮಣ್ಣಿನ ಕುಂಡ, ಸೂರಿನ ಒಳಗೆ, ಪಡುವಣ ಬಿಸಿಲಿಗೆ. ಈ ಗೆಡ್ಡೆಯಲ್ಲಿ ಹೃದಯಕ್ಕೆ ಆಗದ ವಿಷವಿದೆ. ಅಡುಗೆ ಈರುಳ್ಳಿ ಹತ್ತಿರ ಎಂದೂ ಇಡಬೇಡಿ.

ಅದೇ ದಿನಗಳಲ್ಲಿ ನೆಲಸಂಪಿಗೆ. ಇದು ಅರಿಶಿನ, ಶುಂಠಿಯ ಬಳಗ. ಎಲೆಗೂ ಮೊದಲೇ ಹೂ ಮಣ್ಣಿನಿಂದ ಹೊರಗೆ ಬರುತ್ತದೆ. ಬಿಳಿ, ನೇರಳೆ ಎರಡೂ ಒಂದೇ ಹೂವಿನಲ್ಲಿ. ಬಗ್ಗಿ ಮೂಸಿದರೆ ಒಳ್ಳೆಯ ಪರಿಮಳ. ನಮ್ಮ ಅತ್ತೆ ಇದನ್ನು ಬಾವಿಕಟ್ಟೆಯ ಹಿಂದೆ ನೆಟ್ಟಿದ್ದರು. ನಾನು ಅಂಗಳದ ಅಂಚಿಗೆ ತಂದೆ, ಏಕೆಂದರೆ ಕಾಲಡಿಯ ಹೂವನ್ನು ಯಾರೂ ತುಳಿಯದ ಹಾಗೆ ಕಣ್ಣೆದುರು ಇಟ್ಟುಕೊಳ್ಳಬೇಕು. ಸುತ್ತ ಸಣ್ಣ ಕಲ್ಲು ಜೋಡಿಸಿದ್ದೇನೆ, ಇಲ್ಲದಿದ್ದರೆ ಬೇಸಿಗೆಯಲ್ಲಿ ಆ ಜಾಗದಲ್ಲಿ ಏನಿದೆ ಎಂದು ಗುರುತೇ ಸಿಗುವುದಿಲ್ಲ.

ಮಳೆ ಲಿಲ್ಲಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಗುಲಾಬಿ ಬಣ್ಣದ್ದು ಎಲ್ಲರ ಮನೆಯಲ್ಲೂ ಇದೆ. ಬಿಳಿಯದು ದಕ್ಷಿಣ ಅಮೆರಿಕದಿಂದ ಬಂದದ್ದು, ನೀರು ನಿಲ್ಲುವ ಜಾಗವನ್ನೂ ತಡೆಯುತ್ತದೆ, ಹಾಗಾಗಿ ಸೂರಿನ ನೀರು ಬೀಳುವ ಕಡೆ ಅದನ್ನೇ ಹಾಕಿ. ಹಳದಿಯದು ಸಿಕ್ಕರೆ ಬಿಡಬೇಡಿ.

ಭರಣಿ ಮಳೆಗೆ ಮೇ ಫ್ಲವರ್. ಗುಲ್‌ಮೊಹರ್ ಅಲ್ಲ, ಚೆಂಡಿನಂತೆ ದುಂಡಗೆ ಬರುವ ಕೆಂಪು ಹೂ. ಇದು ಆಫ್ರಿಕಾದ ಗಿಡ, ಹೆಸರು ಸ್ಕ್ಯಾಡಾಕ್ಸಸ್. ಒಂದು ಚೆಂಡಿನಲ್ಲಿ 200ರವರೆಗೂ ಪುಟ್ಟ ಹೂಗಳಿರಬಹುದು. ವರ್ಷಕ್ಕೊಂದೇ ಸಲ ಬರುತ್ತದೆ, ಒಂದು ಗೆಡ್ಡೆಗೆ ಒಂದೇ ಚೆಂಡು. ‘ನಮ್ಮದು ಎಲೆ ಮಾತ್ರ ಬರುತ್ತೆ, ಹೂ ಇಲ್ಲ’ ಎಂದು ಹೇಳುವವರ ಮನೆಗೆ ಹೋಗಿ ನೋಡಿದರೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಬೇಸಿಗೆಯಲ್ಲಿ ಗುಲಾಬಿಗೆ ಬಿಡುವ ನೀರು ಇದಕ್ಕೂ ಹೋಗುತ್ತಿರುತ್ತದೆ. ಇನ್ನೊಂದು, ವರ್ಷಕ್ಕೊಮ್ಮೆ ಕಿತ್ತು ಜಾಗ ಬದಲಿಸುತ್ತಿರುತ್ತಾರೆ. ಈ ಗೆಡ್ಡೆಗೆ ಬೇರು ಅಲುಗಿಸಿದರೆ ಆಗುವುದಿಲ್ಲ. ಒಂದೇ ಕುಂಡದಲ್ಲಿ ವರ್ಷಗಟ್ಟಲೆ ಬಿಡಿ, ಇಕ್ಕಟ್ಟಾದರೂ ಪರವಾಗಿಲ್ಲ. ಹೂ ಬಾಡಿದ ಮೇಲೆ ಬರುವ ಅಗಲ ಎಲೆಗಳನ್ನು ಮಳೆಗಾಲ ಪೂರ್ತಿ ಚೆನ್ನಾಗಿ ನೋಡಿಕೊಳ್ಳಿ. ಮುಂದಿನ ಮೇ ತಿಂಗಳ ಚೆಂಡು ಆ ಎಲೆಗಳ ದುಡಿಮೆಯಿಂದಲೇ ಬರಬೇಕು.

ಎಲೆಯ ಮಾತು ಬಂದಿತು. ಕೆಂಪು ಲಿಲ್ಲಿ, ಅಂದರೆ ಅಂಗಡಿಯವರು ಅಮರಿಲ್ಲಿಸ್ ಎಂದು ಮಾರುವ ಹಿಪ್ಪಿಯಾಸ್ಟ್ರಮ್, ಇದನ್ನು ಹೇಳಲು ಒಳ್ಳೆಯ ಗಿಡ. ಹೂ ಮುಗಿದ ಕೂಡಲೇ ಎಲೆ ಕತ್ತರಿಸಿ ಅಂಗಳ ಚೊಕ್ಕ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಈ ಗೆಡ್ಡೆಯೊಳಗೆ ಸುಮಾರು ನಾಲ್ಕು ಎಲೆಗೆ ಒಂದು ಹೂದಂಟಿನಂತೆ ಮೊಗ್ಗು ಕಟ್ಟುತ್ತದೆ. ಹೂ ನಮಗೆ ಕಾಣುವ ಎಷ್ಟೋ ತಿಂಗಳ ಮೊದಲೇ ಅದು ಪದರಗಳ ನಡುವೆ ಅಡಗಿ ಕೂತಿರುತ್ತದೆ. ಎಲೆ ಕಡಿಮೆಯಾದರೆ ದಂಟೂ ಕಡಿಮೆ. ನೆಡುವಾಗ ಗೆಡ್ಡೆಯ ಕುತ್ತಿಗೆ, ಭುಜ ಮಣ್ಣಿನ ಮೇಲೆ ಇರಲಿ. ಪೂರ್ತಿ ಹೂತರೆ ನಮ್ಮ ಮಳೆಗೆ ಕುತ್ತಿಗೆಯಿಂದಲೇ ಕೊಳೆಯಲು ಶುರುವಾಗುತ್ತದೆ.

ನಮ್ಮ ಮೆಟ್ಟಿಲ ಪಕ್ಕದಲ್ಲಿರುವ ಹಳೆಯ ಲಿಲ್ಲಿ ಕೆಂಪು ದಳದ ನಡುವೆ ಬಿಳಿ ಗೆರೆ ಇರುವಂಥದು. ಇದರ ಹಿಂದೆ ದೊಡ್ಡ ಕಥೆಯೇ ಇದೆ. 1799ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಆರ್ಥರ್ ಜಾನ್ಸನ್ ಎಂಬ ಗಡಿಯಾರ ಮಾಡುವವರು ದಕ್ಷಿಣ ಅಮೆರಿಕದ ಎರಡು ಕಾಡು ಜಾತಿಗಳನ್ನು ಸೇರಿಸಿ ಈ ತಳಿ ಮಾಡಿದರು. ಈ ಗಿಡದಲ್ಲಿ ಮನುಷ್ಯರು ಮಾಡಿದ ಮೊದಲ ಮಿಶ್ರತಳಿ ಇದೇ. ಇಂದು ಹಾಲೆಂಡಿನಿಂದ ಬರುವ ದೊಡ್ಡ ದೊಡ್ಡ ಹೂಗಳ ಮುಂದೆ ಇದು ಸಣ್ಣದು, ಅಗಲವೂ ಇಲ್ಲ. ಆದರೂ ನನ್ನನ್ನು ಕೇಳಿದರೆ ಇದನ್ನೇ ಬೆಳೆಸಿ ಎನ್ನುತ್ತೇನೆ. ಹೊಸ ತಳಿಗಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಳಲುತ್ತವೆ. ಜಾನ್ಸನ್‌ನ ಲಿಲ್ಲಿ ಆರಿದ್ರಾ ಮಳೆಯನ್ನೂ ಪುನರ್ವಸು ಮಳೆಯನ್ನೂ ಬಯಲಲ್ಲೇ ನಿಂತು ತಡೆಯುತ್ತದೆ, ಮರಿ ಹಾಕುತ್ತದೆ, ಪ್ರತಿ ಮಾರ್ಚ್‌ಗೆ ತಪ್ಪದೆ ಎದ್ದು ನಿಲ್ಲುತ್ತದೆ. ಮಲೆನಾಡಿನ ಹಳೆಯ ಎಸ್ಟೇಟ್ ಬಂಗಲೆಗಳ ಮುಂದೆ ಈಗಲೂ ನೋಡಬಹುದು, ಮನೆಯಲ್ಲಿ ಜನ ಇಲ್ಲದಿದ್ದರೂ ಲಿಲ್ಲಿ ಇರುತ್ತದೆ.

ಮರಿ ಬೇಗ ಬೇಕೆಂದರೆ ಒಂದು ದಾರಿ ಇದೆ. ದಪ್ಪ ಗೆಡ್ಡೆಯನ್ನು ಮೇಲಿನಿಂದ ಕೆಳಕ್ಕೆ, ಕಿತ್ತಳೆ ತೊಳೆ ಬಿಡಿಸಿದ ಹಾಗೆ, ಎಂಟು ಹೋಳು ಮಾಡಬೇಕು. ಪ್ರತಿ ಹೋಳಿಗೂ ಬೇರು ಹುಟ್ಟುವ ಬುಡದ ಚೂರು ಅಂಟಿಕೊಂಡಿರಲೇಬೇಕು. ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ. ಹೋಳುಗಳನ್ನು ಒಂದು ದಿನ ನೆರಳಲ್ಲಿ ಒಣಗಿಸಿ, ಸ್ವಲ್ಪವೇ ತೇವ ಇರುವ ಮರಳಿನಲ್ಲಿ ನಿಲ್ಲಿಸಿ. ಕೆಲವು ವಾರಕ್ಕೆ ಪದರಗಳ ನಡುವೆ ಬಟಾಣಿ ಗಾತ್ರದ ಮರಿ ಕಾಣುತ್ತವೆ. ಅವು ಹೂ ಬಿಡಲು ಮೂರು ವರ್ಷವಾದರೂ ಬೇಕು. ಬೀಜದಿಂದ ಬೆಳೆಸಿದರೂ ಹೆಚ್ಚುಕಡಿಮೆ ಅಷ್ಟೇ ಸಮಯ. ಆದರೆ ಬೀಜದ್ದು ಪ್ರತಿ ಹೂವೂ ಬೇರೆ ಬೇರೆ, ಅದರ ಸಂತೋಷವೇ ಬೇರೆ. ಕಪ್ಪು ಕಾಗದದ ಚೂರಿನಂಥ ಬೀಜಗಳನ್ನು ನೀರಿನ ಮೇಲೆ ತೇಲಿಬಿಟ್ಟರೂ ಮೊಳೆಯುತ್ತವೆ.

ಈಗ ನನ್ನ ಅತಿ ಪ್ರೀತಿಯ ಗಿಡ. ಅಗ್ನಿಶಿಖೆ. ನಮ್ಮ ಕಡೆ ಗೌರಿ ಹೂವು. ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಅರಳುತ್ತದೆ, ಗೌರಿಗೆ ಮುಡಿಸುತ್ತಾರೆ. ತಮಿಳುನಾಡಿಗೆ ಇದು ರಾಜ್ಯದ ಹೂ, ದೂರದ ಜಿಂಬಾಬ್ವೆಗೆ ರಾಷ್ಟ್ರದ ಹೂ. ನಮಗೆ ಬೇಲಿಯ ಹೂ. ಮೊಗ್ಗು ತಲೆ ಕೆಳಗೆ ಮಾಡಿ ತೂಗುತ್ತದೆ. ಅರಳುವಾಗ ಆರು ದಳಗಳೂ ಹಿಂದಕ್ಕೆ ಮಡಚಿ ಮೇಲೇಳುತ್ತವೆ. ಮೊದಲು ಹಸಿರು ಬೆರೆತ ಹಳದಿ, ಆಮೇಲೆ ತುದಿಯಿಂದ ಕೆಂಪು ಇಳಿಯುತ್ತಾ ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಎಲ್ಲ ಹಂತದ ಹೂವೂ ಇರುತ್ತವೆ, ಬಳ್ಳಿಗೆ ಹತ್ತು ಬಣ್ಣ ಇದೆಯೇನೋ ಅನಿಸುತ್ತದೆ. ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಮಧ್ಯದಿಂದ ನೇರವಾಗಿ ಬರದೆ ಪಕ್ಕಕ್ಕೆ ಬಾಗಿಕೊಂಡಿರುತ್ತದೆ. ಇದಕ್ಕೆ ಬೇರೆ ಬಳ್ಳಿಗಳಂತೆ ಪ್ರತ್ಯೇಕ ಕುಡಿ ಇಲ್ಲ. ಎಲೆಯ ತುದಿಯೇ ಉದ್ದವಾಗಿ ಸುರುಳಿ ಸುತ್ತಿ, ಸಿಕ್ಕಿದ್ದನ್ನು ಹಿಡಿದು ಹತ್ತುತ್ತದೆ. ಕಾಫಿ ಕಸಿ ಮಾಡಿದಾಗ, ಅಂದರೆ ಗಿಡದ ರೆಂಬೆ ಸವರಿದಾಗ, ಬೀಳುವ ಕವಲು ರೆಂಬೆಗಳನ್ನು ನೆಟ್ಟುಕೊಟ್ಟರೆ ಅದಕ್ಕಿಂತ ಒಳ್ಳೆಯ ಆಸರೆ ಬೇಡ. ನಯವಾದ ಪೈಪು, ದಪ್ಪ ಕಂಬ ಅದಕ್ಕೆ ಹಿಡಿಯಲು ಬರುವುದಿಲ್ಲ.

ಗೆಡ್ಡೆ ನೇಗಿಲಿನಂತೆ ಎರಡು ಕವಲು. ಪ್ರತಿ ಕವಲಿನ ತುದಿಯಲ್ಲಿ ಒಂದೇ ಒಂದು ಚಿಗುರು ಕಣ್ಣು. ಆ ತುದಿ ಮುರಿದರೆ ಆ ಕವಲು ಮತ್ತೆ ಚಿಗುರುವುದಿಲ್ಲ. ಆದ್ದರಿಂದ ಅಗೆಯುವಾಗ ಗುದ್ದಲಿ ಬೇಡ, ಬೆರಳಲ್ಲೇ ಮಣ್ಣು ಬಿಡಿಸಿ. ಕೈಗವಸು ಹಾಕಿಕೊಂಡು. ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ ಎರಡು ಇಂಚು ಆಳದಲ್ಲಿ ಮಲಗಿಸಿ ನೆಡಬೇಕು. ನವೆಂಬರ್‌ಗೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಹೊಸ ಗೆಡ್ಡೆ ಕೆಳಗೆ ಸಿದ್ಧವಾಗಿರುತ್ತದೆ, ಹಳೆಯದು ಕರಗಿ ಹೋಗಿರುತ್ತದೆ.

ವಿಷದ ಮಾತನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಅಗ್ನಿಶಿಖೆಯ ಎಲ್ಲ ಭಾಗದಲ್ಲೂ ಕಾಲ್ಚಿಸಿನ್ ಇದೆ, ಗೆಡ್ಡೆ ಮತ್ತು ಬೀಜದಲ್ಲಿ ಜಾಸ್ತಿ. ಗೌಟ್ ಎಂಬ ಕೀಲುನೋವಿಗೆ ವೈದ್ಯರು ಅತಿ ಸಣ್ಣ ಪ್ರಮಾಣದಲ್ಲಿ ಕೊಡುವ ಔಷಧಿ ಇದೇ. ತಮಿಳುನಾಡಿನಲ್ಲಿ ಬೀಜಕ್ಕಾಗಿಯೇ ಇದನ್ನು ಹೊಲದಲ್ಲಿ ಬೆಳೆಯುತ್ತಾರೆ. ಆದರೆ ಗೆಡ್ಡೆಯನ್ನು ಗೆಣಸೆಂದುಕೊಂಡು ತಿಂದರೆ ಜೀವಕ್ಕೇ ಅಪಾಯ. ಕೆಸುವು, ಗೆಣಸು, ಸುವರ್ಣಗೆಡ್ಡೆ, ಶುಂಠಿ ಇಡುವ ಮೂಲೆಯಲ್ಲಿ ಇದನ್ನು ಒಂದು ದಿನದ ಮಟ್ಟಿಗೂ ಇಡಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇಲಿಯಾಚೆ ಬೆಳೆಸಿ. ಹಬ್ಬಕ್ಕೆ ಹೂ ಕೊಯ್ದ ಮೇಲೆ ಕೈ ತೊಳೆದೇ ಅಡುಗೆಮನೆಗೆ ಹೋಗಿ. ಲಿಲ್ಲಿ, ಮೇ ಫ್ಲವರ್ ಗೆಡ್ಡೆಗಳೂ ತಿನ್ನುವಂಥವಲ್ಲ, ವಾಂತಿಯಾಗುತ್ತದೆ, ನಾಯಿಗೂ ಆಗುತ್ತದೆ.

ಡೇರೆಯ, ಅಂದರೆ ಡೇಲಿಯಾ ಹೂವಿನ ಬಗ್ಗೆ ಬರೆಯದಿದ್ದರೆ ಮಲೆನಾಡಿನ ಹೆಂಗಸರು ನನ್ನನ್ನು ಸುಮ್ನೆ ಬಿಡುವುದಿಲ್ಲ. ಆದರೆ ಅದು ಎಲ್ಲರಿಗೂ ಗೊತ್ತಿರುವ ಗಿಡ. ಒಂದೇ ಮಾತು: ಗೆಡ್ಡೆ ಹಂಚುವಾಗ ಹಳೆಯ ಕಾಂಡದ ಬುಡ ಸೇರಿಸಿಯೇ ಕತ್ತರಿಸಿ. ಕಣ್ಣು ಇರುವುದು ಅಲ್ಲಿ. ಕಣ್ಣಿಲ್ಲದ ಡೇರೆ ಗೆಡ್ಡೆ ಬೇರು ಬಿಡಬಹುದು, ಚಿಗುರು ಬಿಡುವುದಿಲ್ಲ.

ಒಣಗಿಸುವ ನಿಯಮಕ್ಕೆ ಸ್ವಲ್ಪ ಹೊರತಾದದ್ದು ಅಮೆಜಾನ್ ಲಿಲ್ಲಿ, ಯೂಕಾರಿಸ್. ವರ್ಷವಿಡೀ ಹಸಿರು. ನೆರಳು ಬೇಕು, ಬಿಸಿಲು ತಗುಲಿದರೆ ಎಲೆ ಸುಡುತ್ತದೆ. ತಲೆ ಬಾಗಿಸಿ ನಿಲ್ಲುವ ಬಿಳಿ ಹೂ, ಸಂಜೆಗೆ ಮೆಲ್ಲಗೆ ಪರಿಮಳ. ಬಿಸಿಲು ಬೀಳದ ಮನೆಯಂಗಳದಲ್ಲಿ ಏನು ಬೆಳೆಯಲಿ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಇದಕ್ಕೂ ಹೂ ಬೇಕಾದಾಗ ಮೂರು ನಾಲ್ಕು ವಾರ ನೀರು ಕಡಿಮೆ ಮಾಡುತ್ತೇನೆ, ಎಲೆ ಸ್ವಲ್ಪ ಜೋಲುವವರೆಗೆ ಮಾತ್ರ. ಆಮೇಲೆ ಚೆನ್ನಾಗಿ ನೆನೆಸಿದರೆ ದಂಟು ಏಳುತ್ತದೆ.

ನಮ್ಮಲ್ಲಿ ಗೆಡ್ಡೆಗೆ ದೊಡ್ಡ ಕಷ್ಟ ಜುಲೈ ಮಳೆ. ಬಿಸಿಲಿನ ಮುಖ ನೋಡದೆ ವಾರಗಟ್ಟಲೆ ಹೋಗುತ್ತದೆ. ಪಾತಿಯನ್ನು ಒಂದು ಅಡಿಯಾದರೂ ಎತ್ತರಿಸಿ. ಮಣ್ಣಿಗೆ ದಪ್ಪ ಮರಳು ಬೇಕೇ ಬೇಕು. ಕಾಫಿ ಸಿಪ್ಪೆ ಸುಲಭವಾಗಿ ಸಿಗುತ್ತದೆಂದು ರಾಶಿ ಹಾಕುವವರಿಗೆ ಹೇಳುತ್ತೇನೆ: ಪೂರ್ತಿ ಕಳಿತ ಗೊಬ್ಬರವಾದರೆ ಒಂದು ಹಿಡಿ ಹಾಕಿ, ಹಸಿಯದು ಗೆಡ್ಡೆಯ ಹತ್ತಿರ ಬೇಡ. ಲಿಲ್ಲಿ ಎಲೆಯ ಮೇಲೆ ಕೆಂಪು ಗೀರು, ಮಚ್ಚೆ ಕಂಡರೆ ಅದು ತೇವಕ್ಕೆ ಬರುವ ಶಿಲೀಂಧ್ರ ರೋಗ. ಆ ಎಲೆ ಕತ್ತರಿಸಿ ಸುಟ್ಟುಬಿಡಿ, ಕುಂಡವನ್ನು ಸೂರಿನ ಒಳಗೆ ಗಾಳಿಯಾಡುವ ಕಡೆ ಇಡಿ.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹುಳು ಬರುತ್ತದೆ. ಕಪ್ಪು ಮೈ, ಬಿಳಿ ಚುಕ್ಕೆ, ನಡುವೆ ಕೆಂಪು ಚುಕ್ಕೆ ಇದ್ದರೆ ಅದು ಅಗ್ನಿಶಿಖೆ ಮತ್ತು ಲಿಲ್ಲಿಗಳ ಮೇಲೆ ಬದುಕುವ ಪತಂಗದ ಮರಿ. ವಿಷದ ಎಲೆಯೇ ಅದಕ್ಕೆ ಊಟ. ಸ್ಪೈಡರ್ ಲಿಲ್ಲಿಗೆ ಬರುವ ಇನ್ನೊಂದು ಹುಳು ಎಲೆಯೊಳಗೆ ಕೊರೆಯುತ್ತಾ ಗೆಡ್ಡೆಯವರೆಗೂ ಇಳಿಯುತ್ತದೆ. ಎರಡಕ್ಕೂ ನಾನು ಮಾಡುವುದು ಒಂದೇ. ಸಂಜೆ ಟಾರ್ಚ್ ಹಿಡಿದು ಎಲೆಯ ಅಡಿಭಾಗ ನೋಡುತ್ತೇನೆ. ಗುಂಪಾಗಿ ಮೊಟ್ಟೆ ಇರುವ ಚೂರನ್ನು ಕಿತ್ತು ಸೋಪಿನ ನೀರಿಗೆ ಹಾಕುತ್ತೇನೆ. ಮೊಟ್ಟೆ ಇದ್ದಾಗಲೇ ಹಿಡಿದರೆ ಔಷಧಿ ಹೊಡೆಯುವ ಕೆಲಸ ಇರುವುದಿಲ್ಲ. ಮುಳ್ಳುಹಂದಿಗೆ ಮಾತ್ರ ಇದು ನಡೆಯುವುದಿಲ್ಲ. ರಾತ್ರಿ ಬಂದು ಪಾತಿಯನ್ನೇ ಬಗೆದು ಹೋಗುತ್ತದೆ. ನೆಟ್ಟ ಮೇಲೆ ಕೋಳಿ ಜಾಲರಿ ಹಾಸಿ, ಮೇಲೆ ಒಂದಿಂಚು ಮಣ್ಣು ಮುಚ್ಚಿದರೆ ಚಿಗುರು ತೂತಿನಿಂದ ಮೇಲೆ ಬರುತ್ತದೆ, ಗೆಡ್ಡೆ ಒಳಗೇ ಉಳಿಯುತ್ತದೆ.

ಗೆಡ್ಡೆ ಎಲ್ಲಿಂದ ತರುವುದು? ಕಾಡಿನಿಂದ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಚಾರ್ಮಾಡಿ, ಬಿಸಿಲೆ, ಮುಳ್ಳಯ್ಯನಗಿರಿ ಕಡೆ ಮಳೆಗಾಲದಲ್ಲಿ ಹುಲ್ಲಿನ ನಡುವೆ ನೆಲದ ಆರ್ಕಿಡ್‌ಗಳು ಏಳುತ್ತವೆ. ಜನ ಕಾರು ನಿಲ್ಲಿಸಿ ಬೇರು ಸಮೇತ ಕೀಳುತ್ತಾರೆ. ಆ ಗೆಡ್ಡೆಗೆ ಮಣ್ಣಿನೊಳಗಿನ ಶಿಲೀಂಧ್ರದ ಸಹವಾಸ ಬೇಕು, ನಮ್ಮ ಕುಂಡದಲ್ಲಿ ಅದು ಸಿಗುವುದಿಲ್ಲ, ಗಿಡ ಸತ್ತೇ ಹೋಗುತ್ತದೆ. ಮೀಸಲು ಕಾಡಿನಿಂದ ಗಿಡ ಕಿತ್ತು ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಅಗ್ನಿಶಿಖೆ ಬೇಕೆಂದರೆ ನಿಮ್ಮದೇ ಬೇಲಿಯ ಬಳ್ಳಿಯ ಕಾಯಿ ಒಡೆದು ಕೆಂಪು ಬೀಜ ಬಿತ್ತಿ. ಮೊಳೆಯಲು ನಿಧಾನ, ಹೂವಿಗೆ ಮೂರು ವರ್ಷವಾದರೂ ಹಿಡಿಯುತ್ತದೆ. ಕಾಯಿರಿ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಚಿತ್ರ ನೋಡಿ ಮರುಳಾಗಬೇಡಿ. ಹಿಪ್ಪಿಯಾಸ್ಟ್ರಮ್‌ನಲ್ಲಿ ನೀಲಿ ಹೂವಿನ ತಳಿ ಇಲ್ಲ. ಅದರ ದೂರದ ನೆಂಟ ವರ್ಸ್ಲಿಯಾ ಎಂಬ ಗಿಡವೊಂದಿದೆ, ಬ್ರೆಜಿಲ್ ಬೆಟ್ಟಗಳ ಬಂಡೆಗಳ ಮೇಲೆ ಬೆಳೆಯುತ್ತದೆ, ಹೂ ತಿಳಿ ನೇರಳೆ ಬೆರೆತ ನೀಲಿ. ಅದು ನೂರಿನ್ನೂರು ರೂಪಾಯಿಗೆ ಮನೆ ಬಾಗಿಲಿಗೆ ಬರುವ ಗಿಡವಲ್ಲ.

ನನ್ನ ಮಟ್ಟಿಗೆ ಒಳ್ಳೆಯ ಗೆಡ್ಡೆಗಳೆಲ್ಲ ಸಿಕ್ಕಿದ್ದು ಮನೆಮನೆಗಳಿಂದ. ಮದುವೆ, ತಿಥಿ, ಸಂಘದ ಮೀಟಿಂಗ್, ಎಲ್ಲಿ ಹೋದರೂ ಹಿತ್ತಲು ನೋಡದೆ ಬರುವುದಿಲ್ಲ, ಕೈಯಲ್ಲಿ ಒಂದು ಪೊಟ್ಟಣ ಇದ್ದೇ ಇರುತ್ತದೆ. ಈಗ ನಾನೂ ಪೋಸ್ಟಿನಲ್ಲಿ ಕಳಿಸುತ್ತೇನೆ. ಕಳಿಸಲು ಒಳ್ಳೆಯ ಕಾಲ ಜನವರಿ-ಫೆಬ್ರವರಿ, ಗೆಡ್ಡೆ ಮಲಗಿರುವಾಗ. ತೊಳೆಯಬಾರದು. ಒಣ ಬ್ರಷ್‌ನಲ್ಲಿ ಮಣ್ಣು ಉದುರಿಸಿ, ಎರಡು ಮೂರು ದಿನ ನೆರಳಲ್ಲಿ ಹರಡಿ, ಒಂದೊಂದನ್ನೂ ಬೇರೆ ಬೇರೆ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಗೆ ಹಾಕಬೇಕು. ಪ್ಲಾಸ್ಟಿಕ್ ಕವರ್ ಹಾಕಿದರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ಅಮೆಜಾನ್ ಲಿಲ್ಲಿಯನ್ನು ಮಾತ್ರ ಎಲೆ ಸಮೇತ, ಬೇರಿಗೆ ಒದ್ದೆ ಕಾಗದ ಸುತ್ತಿ ಕಳಿಸುತ್ತೇನೆ. ಪ್ರತಿ ಪೊಟ್ಟಣದ ಮೇಲೆ ಹೆಸರು, ಬಣ್ಣ, ಯಾವ ಮಳೆಗೆ ನೆಡಬೇಕು ಎಂದು ಬರೆದಿರುತ್ತದೆ. ಅಗ್ನಿಶಿಖೆಯದಾದರೆ ಚಿಗುರು ತುದಿಗಳಿಗೆ ಹತ್ತಿ ಸುತ್ತಿ, ಡಬ್ಬಿಯ ಮೇಲೂ ಒಳಗೂ ಕೆಂಪು ಶಾಯಿಯಲ್ಲಿ ‘ವಿಷ, ತಿನ್ನುವ ಗೆಡ್ಡೆ ಅಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.